ಶುಗರ್ ಇರುವವರು ಅನ್ನ ಬಿಟ್ಟು ರಾಗಿ ಮುದ್ದೆ ತಿಂದರೆ ಸಾಕಾ?

ಸಾಲದು. ಮುದ್ದೆ ಒಳ್ಳೆಯದೇ, ಆದರೆ ಎಷ್ಟು ತಿಂದರೂ ನಡೆಯುತ್ತದೆ ಅನ್ನೋದು ಸುಳ್ಳು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಕ್ಕಿಯಲ್ಲಿ 78ರ ಹತ್ತಿರ. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ, ಅಲ್ವಾ? ರಾಗಿಯ ಲಾಭ ಇರುವುದು ನಾರಿನಲ್ಲಿ. ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ಗಂಜಿ ಕಾಯಿಸಿದರೆ ಆ ಲಾಭವೂ ಕಡಿಮೆ, ಶುಗರ್ ಬೇಗ ಏರುತ್ತದೆ.

ಒಂದು ಚಿಕ್ಕ ಮುದ್ದೆ, ಬಸ್ಸಾರು, ಅರ್ಧ ತಟ್ಟೆ ಸೊಪ್ಪು-ಕಾಳಿನ ಪಲ್ಯ ಸಾಕು. ಕೊನೆಗೆ ಸುಮ್ನೆ ಹಾಕಿಸಿಕೊಳ್ಳುವ ಮಜ್ಜಿಗೆ ಅನ್ನವೇ ಲೆಕ್ಕ ಕೆಡಿಸುವುದು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ.

ನಿಮ್ಮ ಮೈಗೆ ಎಷ್ಟು ಮುದ್ದೆ ಸರಿ ಅಂತ ಗ್ಲುಕೋಮೀಟರ್ ಹೇಳುತ್ತದೆ. ಊಟ ಶುರುವಾಗಿ ಎರಡು ಗಂಟೆಗೆ 180ರ ಒಳಗಿರಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಹೆಚ್ಚಿನವರಿಗೆ ಶೇಕಡಾ 7ರ ಕೆಳಗಿರಬೇಕು. ವಯಸ್ಸಾದವರಿಗೆ ಡಾಕ್ಟರು ಸ್ವಲ್ಪ ಸಡಿಲ ಬಿಡುತ್ತಾರೆ.

ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಗಿ ಬೆವರು ಬಂದರೆ ಹಿಂಜರಿಯದೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.