ಮೊಬೈಲ್ ಬಳಕೆಯಲ್ಲಿ ಪಳಗಿದ ಯುವಜನರೂ ಸಾಮಾಜಿಕ ಜಾಲತಾಣಗಳಲ್ಲಿ ಪರಿಚಿತರ ಸೋಗಿನ ನಕಲಿ ಖಾತೆಗಳ ವಂಚನೆಗೆ ಸಿಲುಕುವುದೇಕೆ? ಅವರಿಗೆ ಏನನ್ನು ಕಲಿಸಬೇಕು?

ಈ ವಂಚನೆ ಬಳಸಿಕೊಳ್ಳುವುದು ತಾಂತ್ರಿಕ ಅಜ್ಞಾನಕ್ಕಿಂತ ಹೆಚ್ಚಾಗಿ ಪರಿಚಿತರ ಮೇಲಿನ ನಂಬಿಕೆಯನ್ನು. ಆದ್ದರಿಂದ ಹಣ, ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವ ಯಾವುದೇ ಸಂದೇಶವನ್ನು, ಅದು ಬಂದ ಮಾರ್ಗವನ್ನು ಬಿಟ್ಟು ಬೇರೊಂದು ಮಾರ್ಗದಲ್ಲಿ ಖಚಿತಪಡಿಸಿಕೊಳ್ಳುವ ಅಭ್ಯಾಸವನ್ನು ಯುವಜನರಿಗೆ ಮೊದಲು ಕಲಿಸಬೇಕು.

ಪ್ರೊಫೈಲ್‌ನ ಹೆಸರು ಮತ್ತು ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅದಕ್ಕಿಂತಲೂ ಅಪಾಯಕಾರಿಯಾದದ್ದು ಗೆಳೆಯರ ಅಸಲಿ ಖಾತೆಯೇ ವಂಚಕರ ವಶವಾಗಿರುವ ಸಂದರ್ಭ. ವಂಚಕನು ಲಾಗಿನ್ ಪುಟದಲ್ಲಿ ನಿಮ್ಮ ಫೋನ್ ಸಂಖ್ಯೆಯನ್ನು ನಮೂದಿಸಿದಾಗ ನಿಮಗೊಂದು ಒಟಿಪಿ ಬರುತ್ತದೆ. ಮರುಕ್ಷಣವೇ ಗೆಳತಿಯ ಖಾತೆಯಿಂದ "ನನ್ನ ಕೋಡ್ ತಪ್ಪಿ ನಿನ್ನ ನಂಬರಿಗೆ ಬಂದಿದೆ, ಬೇಗ ಕಳಿಸು" ಎಂಬ ಸಂದೇಶ ಬರುತ್ತದೆ. ಕಳುಹಿಸಿದರೆ ನಿಮ್ಮ ಖಾತೆಯೂ ಕೈತಪ್ಪಿ, ನಿಮ್ಮ ಹೆಸರಿನಲ್ಲೇ ನಿಮ್ಮ ಬಳಗಕ್ಕೆಲ್ಲ ಅದೇ ಬಲೆ ಬೀಸಲಾಗುತ್ತದೆ. ಹೀಗಾಗಿ ಅಪರಿಚಿತರನ್ನು ನಂಬಬೇಡಿ ಎಂಬ ವಾಡಿಕೆಯ ಎಚ್ಚರಿಕೆ ಇಲ್ಲಿ ಸಾಲದು.

ಇಂತಹ ಸಂದೇಶ ಬಂದಾಗ, ತಮ್ಮಲ್ಲಿ ಮೊದಲೇ ಇರುವ ಆ ಪರಿಚಿತರ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸಬೇಕು. ಕೃತಕ ಬುದ್ಧಿಮತ್ತೆಯಿಂದ ಧ್ವನಿಯನ್ನೂ ಅನುಕರಿಸಲು ಸಾಧ್ಯವಿರುವುದರಿಂದ, ತಾನಾಗಿ ಬಂದ ಕರೆಯಲ್ಲಿ ಪರಿಚಿತ ದನಿ ಕೇಳಿಸಿತೆಂದು ನಂಬಿಬಿಡಬಾರದು. ವಂಚಕರು ಆತುರ ಹುಟ್ಟಿಸುವುದೂ, ಯಾರಿಗೂ ಹೇಳಬೇಡವೆನ್ನುವುದೂ ಈ ವಿಚಾರಣೆಯನ್ನು ತಡೆಯಲಿಕ್ಕೇ. ಎರಡು ಹಂತದ ದೃಢೀಕರಣ, ಅಂದರೆ ಒಟಿಪಿಯ ಜೊತೆಗೆ ನೀವೇ ಇಟ್ಟುಕೊಂಡ ಪಿನ್ ಕೂಡ ಬೇಕಾಗುವ ವ್ಯವಸ್ಥೆ, ಖಾತೆಗೆ ಹೆಚ್ಚಿನ ರಕ್ಷಣೆ ಕೊಡುತ್ತದೆ.

ಮೋಸಹೋದವರನ್ನು ಹಂಗಿಸಬಾರದೆಂಬುದೂ ಈ ಶಿಕ್ಷಣದ ಭಾಗವಾಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ನಾಚಿಕೆಯಿಂದ ವಿಷಯವನ್ನು ಮುಚ್ಚಿಟ್ಟಷ್ಟೂ ಬ್ಯಾಂಕಿಗೆ ದೂರು ತಡವಾಗಿ ತಲುಪಿ, ಹಣವನ್ನು ತಡೆಹಿಡಿಯುವ ಸಾಧ್ಯತೆ ಕುಗ್ಗುತ್ತದೆ.