ವ್ಯಾಗ್ನರ್ ಬೇಡ ಎಂದದ್ದು ಯಾಕೆ?

ಪತ್ರ: ‘ಮಕ್ಕಳು ಸಿಗರೇಟು ಕೊಳ್ಳಬಾರದೆಂದು ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ತಮ್ಮ ಚಿತ್ರದ ಕಾರ್ಡನ್ನೇ ನಿಲ್ಲಿಸಿಬಿಟ್ಟರು’ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರೇ ಹೊಗೆಸೊಪ್ಪು ಜಗಿಯುತ್ತಿದ್ದರಂತಲ್ಲ? ಇನ್ನೊಬ್ಬ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡುಗಳನ್ನು ಸಮುದ್ರಕ್ಕೆ ಸುರಿದದ್ದಾದರೂ ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದ ಮೇಲೆ ಆ ಬರಹವನ್ನು ಮತ್ತೆ ತೆಗೆದು ಓದಿದೆ. ತಪ್ಪು ನಮ್ಮದು. ಜನರ ಬಾಯಲ್ಲಿ ಓಡಾಡುವ ಮಾತನ್ನು ನಡೆದ ಸಂಗತಿಯೆಂಬಂತೆ ಅಚ್ಚು ಹಾಕಿದ್ದೇವೆ.

ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಸಿಗರೇಟು ಪ್ಯಾಕಿನೊಳಗೆ ಇಟ್ಟು ಕೊಟ್ಟ ಐನೂರಕ್ಕೂ ಹೆಚ್ಚು ಕಾರ್ಡುಗಳಿಗೆ ಸಂಗ್ರಾಹಕರು ‘ಟಿ206’ ಎನ್ನುತ್ತಾರೆ. ಅದರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ವ್ಯಾಗ್ನರ್ ಕಾರ್ಡು ಇಂದು ಉಳಿದಿರುವುದು ಅರವತ್ತರ ಆಸುಪಾಸು. ವ್ಯಾಗ್ನರ್ ಒಪ್ಪಲಿಲ್ಲ ಎಂಬುದು ಕಟ್ಟುಕಥೆಯಲ್ಲ. 1912ರ ಅಕ್ಟೋಬರಿನಲ್ಲೇ ‘ದಿ ಸ್ಪೋರ್ಟಿಂಗ್ ನ್ಯೂಸ್’ ಆ ಸುದ್ದಿ ಬರೆದಿತ್ತು. ಅವರ ಒಪ್ಪಿಗೆ ತಂದುಕೊಡುವ ಕೆಲಸವನ್ನು ಕಂಪನಿ ಜಾನ್ ಗ್ರೂಬರ್ ಎಂಬ ಸ್ಥಳೀಯ ಕ್ರೀಡಾ ಬರಹಗಾರರಿಗೆ ವಹಿಸಿತ್ತು. ಕೂಲಿ 10 ಡಾಲರ್. ಸಿಗರೇಟು ಪ್ಯಾಕಿನಲ್ಲಿ ನನ್ನ ಚಿತ್ರ ಬೇಡ ಎಂದು ವ್ಯಾಗ್ನರ್ ಉತ್ತರ ಬರೆದರು. ಜೊತೆಗೆ, ಗ್ರೂಬರರಿಗೆ ನಷ್ಟವಾಗದಿರಲೆಂದು ತಮ್ಮ ಕೈಯಿಂದಲೇ 10 ಡಾಲರಿನ ಚೆಕ್ಕನ್ನೂ ಇಟ್ಟು ಕಳಿಸಿದರು.

ನನ್ನ ಮನಸ್ಸು ಹೋಗುವುದು ಆ ಚೆಕ್ಕಿನ ಕಡೆಗೆ. ಕಂಪನಿ ಸಾಕಷ್ಟು ಹಣ ಕೊಡಲಿಲ್ಲ, ಅದಕ್ಕೇ ಮುನಿಸಿಕೊಂಡರು ಎನ್ನುವವರೂ ಇದ್ದಾರೆ. ಪರಿಚಯದವನ ಹತ್ತು ಡಾಲರ್ ತಪ್ಪಬಾರದೆಂದು ತನ್ನ ಜೇಬಿಗೆ ಕೈ ಹಾಕಿದ ಮನುಷ್ಯನಿಗೆ ಆ ಮಾತು ಒಗ್ಗುವುದಿಲ್ಲ.

ಇನ್ನು ಮಕ್ಕಳ ವಿಷಯ. ಅಜ್ಜ ಹಾಗೆ ಯೋಚಿಸಿದ್ದರೆಂದು ಎಷ್ಟೋ ದಶಕಗಳ ನಂತರ ಅವರ ಮೊಮ್ಮಗಳು ಪತ್ರಿಕೆಗೆ ಹೇಳಿದ್ದುಂಟು. ಮನೆಯವರ ನೆನಪನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೀವು ಕೇಳಿದ್ದು ಸರಿ: ವ್ಯಾಗ್ನರ್ ಹೊಗೆಸೊಪ್ಪು ಜಗಿಯುತ್ತಿದ್ದರು, ಸಿಗಾರ್ ಮಾರಾಟಕ್ಕೂ ಅವರ ಚಿತ್ರ ಬಳಕೆಯಾಗಿತ್ತು. ಲೀಫ್ ಕಂಪನಿ 1940ರ ದಶಕದ ಕೊನೆಗೆ ಮಕ್ಕಳ ಬಬಲ್‌ಗಮ್ ಜೊತೆ ಕೊಟ್ಟ ಕಾರ್ಡಿನಲ್ಲಂತೂ ಮುದಿ ವ್ಯಾಗ್ನರ್ ಬಾಯಿಗೆ ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದಾರೆ! ಹಾಗಾಗಿ ‘ಬೇಡ’ ಎಂದದ್ದನ್ನು ಒಪ್ಪುತ್ತೇನೆ, ‘ಮಕ್ಕಳಿಗಾಗಿ’ ಎಂಬುದನ್ನು ಅಚ್ಚು ಹಾಕುವಷ್ಟು ಒಪ್ಪಲಾರೆ.

ಮ್ಯಾಂಟಲ್ ಕಥೆ ಬೇರೆ ಥರದ್ದು. ಅವರ ಕಾರ್ಡಿದ್ದ, ಟಾಪ್ಸ್ ಕಂಪನಿಯ 1952ರ ಕಾರ್ಡುಗಳ ಕೊನೆಯ ಕಂತು ಆಟದ ಋತು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂತು, ಮಾರಾಟವಾಗದೆ ಉಳಿಯಿತು. 1960ರಲ್ಲಿ ಆ ಪೆಟ್ಟಿಗೆಗಳನ್ನು ಕಸದ ದೋಣಿಗೆ ಏರಿಸಿ ನ್ಯೂಜೆರ್ಸಿಯಾಚೆ ಅಟ್ಲಾಂಟಿಕ್‌ಗೆ ಸುರಿಸಿದೆ ಎಂದು ಹೇಳಿದವರು ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಗರ್ ಅವರೇ. ಸುರಿದದ್ದನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ನನ್ನ ತಕರಾರು, ಅದಕ್ಕೇ ಮ್ಯಾಂಟಲ್ ಕಾರ್ಡು ಅಪರೂಪವಾಯಿತು ಎನ್ನುವುದರ ಮೇಲೆ. ಲೆಕ್ಕ ಹಾಕಿ ನೋಡಿ: ಆ ಕಂತು 311ರಿಂದ 407ರವರೆಗೆ, ಒಟ್ಟು 97 ಕಾರ್ಡು. ಅಚ್ಚಿನ ಹಾಳೆಯಲ್ಲಿ ಜಾಗ ನೂರಕ್ಕೆ. ಉಳಿದ ಮೂರು ಮನೆ ತುಂಬಲು ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್ ಕಾರ್ಡುಗಳನ್ನು ಎರಡೆರಡು ಸಲ ಅಚ್ಚು ಹಾಕಿದರು. ಅಂದರೆ ಮ್ಯಾಂಟಲ್ ಕಾರ್ಡು ಸಮುದ್ರ ಸೇರಿದ್ದರೆ ಆ ಕಂತಿನ ಉಳಿದವರ ಕಾರ್ಡುಗಳೂ ಸೇರಿದವು. ಅಚ್ಚಾದದ್ದೇ ಮ್ಯಾಂಟಲ್ ಕಾರ್ಡು, ಹಾಳೆಯಲ್ಲಿ ಒಂದೇ ಸಲ ಬಂದವರದಕ್ಕಿಂತ ಇಮ್ಮಡಿ. 2022ರ ಆಗಸ್ಟಿನಲ್ಲಿ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹೋಗಿದ್ದು ಆ ಪ್ರತಿಯ ಹೊಳಪಿಗೆ, ಮ್ಯಾಂಟಲ್ ಹೆಸರಿಗೆ. ಅದು ಅವರ ಮೊದಲ ಕಾರ್ಡೂ ಅಲ್ಲ. 1951ರಲ್ಲೇ ಬೌಮನ್ ಕಂಪನಿಯದು ಬಂದಿತ್ತು.

ಈ ಕಾರ್ಡುಗಳ ಬೆಲೆಯಲ್ಲಿ ಕಥೆಯ ಪಾಲೂ ಇರುತ್ತದೆ, ಅದಕ್ಕೇ ಇಷ್ಟು ಉದ್ದ ಬರೆದೆ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ 1991ರಲ್ಲಿ 4,51,000 ಡಾಲರಿಗೆ ಕೊಂಡ ವ್ಯಾಗ್ನರ್ ಕಾರ್ಡನ್ನು ಎಲ್ಲಕ್ಕಿಂತ ಚೊಕ್ಕಟವಾಗಿ ಉಳಿದದ್ದೆಂದು ವರ್ಷಗಟ್ಟಲೆ ಹೊಗಳಿದರು. ಅದರ ಅಂಚು ಕತ್ತರಿಸಿದ್ದು ತಾನೇ ಎಂದು ಹರಾಜುಗಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು.

ನಮ್ಮ ತಿದ್ದುಪಡಿ ಮುಂದಿನ ಸಂಚಿಕೆಯ ಎರಡನೇ ಪುಟದಲ್ಲಿ ಬರುತ್ತದೆ. ಚೆಕ್ಕಿನ ಸಂಗತಿಯನ್ನೂ ಅದರಲ್ಲಿ ಸೇರಿಸುತ್ತಿದ್ದೇನೆ.