ಟ್ರೈಗ್ಲಿಸರೈಡ್ ಇಳಿಯಿತು, ಎಲ್‌ಡಿಎಲ್ ಹಾರಿತು. ಈಗೇನು?

ಪುತ್ತೂರಿನ ಓದುಗರೇ, ನಿಮ್ಮ ಪತ್ರವೂ ಜೊತೆಗಿಟ್ಟ ಎರಡು ಲ್ಯಾಬ್ ರಿಪೋರ್ಟುಗಳೂ ತಲುಪಿದವು. ಉಳಿದವರಿಗೂ ವಿಷಯ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ನಾಲ್ಕು ತಿಂಗಳಿಂದ ನೀವು ಕುಚ್ಚಲಕ್ಕಿ ಗಂಜಿ, ನೀರುದೋಸೆ, ಸಕ್ಕರೆ ಎಲ್ಲ ಬಿಟ್ಟು ಬೆಣ್ಣೆ, ತುಪ್ಪ, ಮೊಟ್ಟೆ, ಪನೀರ್ ಮೇಲೆ ಇದ್ದೀರಿ. ತೂಕ ಇಳಿದಿದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 260 ಇದ್ದದ್ದು 125ಕ್ಕೆ ಬಂದಿದೆ, ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್) 36ರಿಂದ 43ಕ್ಕೆ ಏರಿದೆ. ಆದರೆ ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) 124ರಿಂದ 191ಕ್ಕೆ ಹಾರಿದೆ. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡೋಣ ಅಂದರು, ಯೂಟ್ಯೂಬಿನವರು ಎಲ್‌ಡಿಎಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಂದರು. ಯಾರನ್ನು ನಂಬಲಿ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ, ಪತ್ರಿಕೆ ನಡೆಸುವವನು. ಆದರೂ ಈ ವಿಷಯದಲ್ಲಿ ನಾನು ನಿಮ್ಮ ಡಾಕ್ಟರ ಕಡೆ.

ಮೊದಲು ಒಳ್ಳೆಯ ಸುದ್ದಿ. ಅದು ಸುಳ್ಳೇನಲ್ಲ. ಅನ್ನ, ಸಕ್ಕರೆ ಜಾಸ್ತಿಯಾದಾಗ ಲಿವರ್ ಅದನ್ನು ಕೊಬ್ಬು ಮಾಡಿ ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರುವುದು ಹೀಗೆ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ, ಜೊತೆಗೊಂದು ಹೊಟ್ಟೆ: ನಮ್ಮಲ್ಲಿ ಇದು ಮನೆಮನೆಯ ಕಥೆ. ಅನ್ನ ಕಮ್ಮಿ ಮಾಡಿದ್ದಕ್ಕೆ ಅದು ಸರಿಹೋಗುತ್ತಿದೆ, ಆ ಭಾಗವನ್ನು ದಯವಿಟ್ಟು ಬಿಡಬೇಡಿ.

ಈಗ ಎಲ್‌ಡಿಎಲ್. 'ವಿಎಲ್‌ಡಿಎಲ್ ಕಮ್ಮಿಯಾಗಿ ಎಲ್‌ಡಿಎಲ್ ಲೆಕ್ಕಕ್ಕೆ ಸೇರಿದೆ ಅಷ್ಟೇ, ಒಟ್ಟಾರೆ ಏನೂ ಬದಲಾಗಿಲ್ಲ' ಎಂಬ ಮಾತನ್ನು ವಿಡಿಯೊದಿಂದ ಎತ್ತಿ ಬರೆದಿದ್ದೀರಿ. ಸರಿ, ನಿಮ್ಮ ರಿಪೋರ್ಟಿನಲ್ಲೇ ಲೆಕ್ಕ ಹಾಕೋಣ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಹಾನಿ ಮಾಡಬಲ್ಲ ಕಣಗಳಲ್ಲಿರುವ ಕೊಲೆಸ್ಟ್ರಾಲ್ ಎಷ್ಟು ಅಂತ ಗೊತ್ತಾಗುತ್ತದೆ. ಮೊದಲು 212ರಲ್ಲಿ 36 ಹೋದರೆ 176. ಈಗ 259ರಲ್ಲಿ 43 ಹೋದರೆ 216. ಸುಮ್ನೆ ಜಾಗ ಬದಲಾಗಿದ್ದರೆ ಇದು 176ರ ಹತ್ತಿರವೇ ನಿಲ್ಲಬೇಕಿತ್ತು, ಅಲ್ವಾ? 40 ಹೊಸದಾಗಿ ಸೇರಿದೆ. ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ ಬರುವ ಸಂಖ್ಯೆ ಚೆನ್ನಾಗಿದೆ ಅಂತ ಖುಷಿಪಟ್ಟಿದ್ದೀರಲ್ಲ, ಆ ಭಾಗಾಕಾರದಲ್ಲಿ ಎಲ್‌ಡಿಎಲ್ ಬರುವುದೇ ಇಲ್ಲ!

'ನನ್ನದು ದೊಡ್ಡ ಕಣದ ಎಲ್‌ಡಿಎಲ್, ಅದು ಅಪಾಯವಿಲ್ಲ' ಎಂಬ ಸಮಾಧಾನವೂ ಬೇಡ. ದೊಡ್ಡದೂ ರಕ್ತನಾಳದ ಗೋಡೆಯೊಳಗೆ ಹೋಗುತ್ತದೆ. ಮುಖ್ಯವಾದದ್ದು ಕಣಗಳು ಎಷ್ಟಿವೆ ಅನ್ನುವುದು. ಅನುಮಾನವಿದ್ದರೆ ಅಪೊಬಿ (ಈ ಕಣಗಳಲ್ಲಿರುವ ಒಂದು ಪ್ರೋಟೀನ್) ಪರೀಕ್ಷೆ ಮಾಡಿಸಿ, ಪ್ರತಿ ಕಣದಲ್ಲೂ ಅಪೊಬಿ ಒಂದೇ ಇರುವುದರಿಂದ ಎಣಿಕೆ ಸಿಗುತ್ತದೆ.

ಹಾಗಾದರೆ ಏರಿದ್ದು ಯಾಕೆ? ಎಲ್‌ಡಿಎಲ್ ಅನ್ನು ರಕ್ತದಿಂದ ಹಿಡಿದು ಒಳಗೆಳೆದುಕೊಳ್ಳುವ ರಿಸೆಪ್ಟರುಗಳು ಲಿವರಿನಲ್ಲಿವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಬೆಣ್ಣೆ, ತುಪ್ಪ, ತೆಂಗಿನೆಣ್ಣೆಯಲ್ಲಿರುವಂಥ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಆ ರಿಸೆಪ್ಟರುಗಳ ಕೆಲಸ ಮಂದವಾಗುತ್ತದೆ. ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಕೆಲವರಿಗೆ ಎಲ್‌ಡಿಎಲ್ ಅಲ್ಲಾಡುವುದೂ ಇಲ್ಲ, ಕೆಲವು ಸಣಕಲು ಮೈಯವರಿಗೆ ಇದೇ ಪಥ್ಯದಲ್ಲಿ 200 ದಾಟಿಬಿಡುತ್ತದೆ.

ನಿಮ್ಮ ಬೆಳಗಿನ ಕಾಫಿಯನ್ನೇ ನೋಡಿ. ಒಂದು ದೊಡ್ಡ ಚಮಚ ಬೆಣ್ಣೆ, ಒಂದು ದೊಡ್ಡ ಚಮಚ ತೆಂಗಿನೆಣ್ಣೆ. ಬೆಣ್ಣೆಯಲ್ಲಿ ಸುಮಾರು 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ತೆಂಗಿನೆಣ್ಣೆಯಲ್ಲಿ ಸುಮಾರು 12. 2000 ಕ್ಯಾಲೊರಿ ತಿನ್ನುವವರಿಗೆ ಇಡೀ ದಿನಕ್ಕೆ ಹಾಕುವ ಮಿತಿ ಸುಮಾರು 22 ಗ್ರಾಂ. ತಿಂಡಿಗೆ ಮುಂಚೆಯೇ 19 ಆಯಿತು. ಆಮೇಲೆ ತುಪ್ಪದಲ್ಲಿ ಹುರಿದ ಪನೀರ್ ಬೇರೆ. ತೆಂಗಿನ ನಾಡಿನವರಿಗೆ ಈ ಮಾತು ರುಚಿಸುವುದಿಲ್ಲ ಅಂತ ಗೊತ್ತು, ಕೋಪಿಸಿಕೊಂಡು ನಾಲ್ಕು ಪತ್ರ ಬಂದೇ ಬರುತ್ತವೆ, ಬರಲಿ. ಪಲ್ಯದ ಮೇಲೆ ಉದುರಿಸಿದ ಕಾಯಿತುರಿಯ ಬಗ್ಗೆ ನಾನು ಮಾತಾಡುತ್ತಿಲ್ಲ. ಎಣ್ಣೆಯನ್ನು ಲೋಟಕ್ಕೆ ಸುರಿದು ಕುಡಿಯುವುದು ನಮ್ಮ ಅಜ್ಜಿಯಂದಿರು ಯಾರೂ ಮಾಡಿದ್ದಲ್ಲ.

ಆದ್ದರಿಂದ ಅನ್ನಕ್ಕೆ ಪೂರ್ತಿ ವಾಪಸ್ ಹೋಗಬೇಕಿಲ್ಲ, ಕೊಬ್ಬನ್ನು ಬದಲಾಯಿಸಿ. ಕಾಫಿಗೆ ಬೆಣ್ಣೆ, ಎಣ್ಣೆ ನಿಲ್ಲಿಸಿ. ಅಡುಗೆಗೆ ಕಡ್ಲೆಕಾಯಿ ಎಣ್ಣೆ ಅಥವಾ ಎಳ್ಳೆಣ್ಣೆ, ಕೈಗೆ ಒಂದಿಷ್ಟು ಬಾದಾಮಿ. ಮೀನು ತಿನ್ನುತ್ತೀರಿ ಅಂದಿದ್ದೀರಲ್ಲ, ಪನೀರಿನ ಬದಲು ಬೂತಾಯಿ, ಬಂಗುಡೆ ಆಗಬಹುದು. ಬಸಳೆ, ಅಲಸಂಡೆ, ತೊಂಡೆಕಾಯಿ ಧಾರಾಳವಾಗಿ ತಿನ್ನಿ, ನಿಮ್ಮ ಪಟ್ಟಿಯಲ್ಲಿ ತರಕಾರಿಯೇ ಕಾಣಲಿಲ್ಲ. ತೂಕ ಒಂದು ಕಡೆ ನಿಂತ ಮೇಲೆ, ಆರೆಂಟು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಕೂಡ ನೋಡಿಸಿಬಿಡಿ, ಅದು ಮಂದವಾದರೂ ಎಲ್‌ಡಿಎಲ್ ಏರುತ್ತದೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಸಾಮಾನ್ಯರಿಗೇ ಎಲ್‌ಡಿಎಲ್ 100ಕ್ಕಿಂತ ಕೆಳಗಿರಲಿ ಅಂದಿದೆ. ಮಾತ್ರೆಗೆ ಅಷ್ಟು ದಿನ ಕಾಯಬಹುದೋ ಇಲ್ಲವೋ ಅನ್ನುವುದನ್ನು ನಿಮ್ಮ ಬಿಪಿ, ಸಿಗರೇಟು, ಮನೆತನದ ಹೃದಯದ ಕಾಯಿಲೆ ಎಲ್ಲ ನೋಡಿ ಡಾಕ್ಟರೇ ಹೇಳಬೇಕು. ಅವರು ಬೇಕು ಅಂದರೆ ತಗೊಳ್ಳಿ.

ಪತ್ರದ ಕೊನೆಗೆ, ಸಕ್ಕರೆ ಕಾಯಿಲೆ ಇರುವ ನಿಮ್ಮ ಹೆಂಡತಿಯೂ ಸೋಮವಾರದಿಂದ ಇದೇ ಪಥ್ಯ ಶುರು ಮಾಡುತ್ತಾರೆ ಅಂತ ಒಂದು ಸಾಲು ಬರೆದಿದ್ದೀರಿ. ಅವರ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಇದೆ. ಇದನ್ನು ತಗೊಳ್ಳುವವರು ಅನ್ನ, ರೊಟ್ಟಿ ಪೂರ್ತಿ ಬಿಟ್ಟರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ವಸ್ತು) ಏರಿ ರಕ್ತ ಆಮ್ಲೀಯವಾಗುವ ಅಪಾಯವಿದೆ, ಅದೂ ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಿರುವಾಗಲೇ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಗ್ಲುಕೋಮೀಟರ್ ನೋಡಿ ಸುಮ್ಮನಾಗದೆ ಆಸ್ಪತ್ರೆಗೆ ಓಡಬೇಕು. ಡಾಕ್ಟರನ್ನು ಕೇಳದೆ ಅವರು ಸೋಮವಾರ ಶುರು ಮಾಡುವುದು ಬೇಡ.

— ಸಂಪಾದಕ